ಅವ್ವನ ಡಬ್ಬಿಯ ಉಳ್ಳಾಗಡ್ಡಿ

ಆಗ ನನಗೆ ನಲವತ್ತು ತುಂಬಿತ್ತೋ, ತುಂಬುವುದರಲ್ಲಿತ್ತೋ. ಇಪ್ಪತ್ತು ವರ್ಷದ ಮೇಲಾಯಿತು. ಹುಟ್ಟಿ ಬೆಳೆದ ಮನೆಯ ಬಗ್ಗೆ ಹೇಳು ಎಂದರೆ ಈಕೆ ನಲವತ್ತರಿಂದ ಶುರು ಮಾಡುತ್ತಾಳಲ್ಲ ಎಂದು ನಗುವವರು ನಗಲಿ. ಬಾಗಿಲಿದ್ದ ಮನೆ, ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಬಹುದಾದ ಮನೆ ನನಗೆ ಮೊದಲು ಸಿಕ್ಕಿದ್ದು ಆ ವಯಸ್ಸಿನಲ್ಲಿ, ಹೈದರಾಬಾದಿನ ಕುಷಾಯಿಗೂಡದಲ್ಲಿ, ಪದ್ಮಮ್ಮ ಎಂಬ ತೆಲುಗು ಹೆಂಗಸಿನ ಹಿತ್ತಲಲ್ಲಿ. ಅದಕ್ಕೂ ಮುಂಚೆ ನಾನು ಇದ್ದದ್ದು ಕಟ್ಟಡಗಳಲ್ಲಿ. ನಮ್ಮವರು ರಾಯಚೂರು ಕಡೆಯವರು. ಅಪ್ಪ ಗೌಂಡಿ, ಅವ್ವ ಬುಟ್ಟಿ ಹೊರುವವಳು. ಯಾರ ಮನೆ ಕಟ್ಟುತ್ತಿದ್ದೆವೋ ಅದರಲ್ಲೇ ವಾಸ. ತಳಪಾಯ ತೋಡುವಾಗ ಗೋಣಿಚೀಲದ ಗುಡಿಸಲು, ಸ್ಲ್ಯಾಬು ಬಿದ್ದ ಮೇಲೆ ಅದರ ಕೆಳಗೆ. ಕಿಟಕಿ ಬಾಗಿಲು ಕೂರಿಸಿ, ಸುಣ್ಣ ಬಣ್ಣ ಬಳಿದು, ಅದು ಮನೆ ಎನ್ನಿಸಿಕೊಳ್ಳುವ ಹೊತ್ತಿಗೆ ನಾವು ಗಂಟು ಕಟ್ಟಬೇಕು. ದೊಡ್ಡವರ ದೇವರ ಕೋಣೆಗಳಲ್ಲಿ ದೇವರು ಬರುವುದಕ್ಕಿಂತ ಮೊದಲು ನಾನು ಮಲಗಿದ್ದೇನೆ. ಮದುವೆಯಾದ ಮೇಲೂ ಅದೇ. ಗಂಡ ಭೀಮಶಾ ಕೂಡ ಗೌಂಡಿಯೇ, ನಾನೂ ಬುಟ್ಟಿ ಹೊತ್ತೆ.

ಗಂಟು ಕಟ್ಟುವಾಗ ಎಲ್ಲಕ್ಕಿಂತ ಮೊದಲು ಅವ್ವನ ತಲೆಗೆ ಏರುತ್ತಿದ್ದದ್ದು ಒಂದು ಎಣ್ಣೆ ಡಬ್ಬಿ. ಅದರಲ್ಲಿ ಮಣ್ಣು, ಮಣ್ಣಿನಲ್ಲಿ ಒಂದು ಜಾತಿಯ ಉಳ್ಳಾಗಡ್ಡಿ. ಮಲ್ಕಾಜ್‌ಗಿರಿಯಲ್ಲಿ ರೈಲ್ವೆ ಸಾಹೇಬರ ಹಳೆಯ ಬಂಗಲೆ ಕೆಡವಿದಾಗ ಹಿತ್ತಲಿನ ಕಾಯಿಪಲ್ಲೆ ಮಡಿಯಲ್ಲಿ ಇದು ಸಿಕ್ಕಿತ್ತಂತೆ. ಉಳ್ಳಾಗಡ್ಡಿಯ ಎಲೆ ಟೊಳ್ಳು, ಇದರದ್ದು ಚಪ್ಪಟೆ, ನಡುವೆ ಮಡಿಕೆ ಹಾಕಿದ ಹಾಗೆ. ನೆಲದಡಿ ಗಡ್ಡೆ ಕಟ್ಟುವುದಿಲ್ಲ. ಗಡ್ಡೆ ಬರುತ್ತದೆ ಎಂದು ಅವ್ವ ಮೊದಮೊದಲು ಕಾದಳಂತೆ. ಬರಲಿಲ್ಲ. ಕೊಯ್ದಷ್ಟೂ ಚಿಗುರಿತು, ಬುಡದಲ್ಲಿ ಮರಿ ಒಡೆಯಿತು. ಕೀಳಬಾರದು, ಮಣ್ಣಿನಿಂದ ಒಂದು ಬೆರಳು ಬಿಟ್ಟು ಕುಡಗೋಲಿನಿಂದ ಕೊಯ್ಯಬೇಕು, ಆಮೇಲೆ ಒಂದು ಹಿಡಿ ಒಲೆ ಬೂದಿ, ಹಿಟ್ಟು ನಾದಿದ ಪರಾತ ತೊಳೆದ ನೀರು. ಕಾಂಡಕ್ಕೆ ಮರಳು ಏರಿಸಿದರೆ ಮುಚ್ಚಿದಷ್ಟು ಭಾಗ ಬೆಳ್ಳಗೆ ಎಳೆಯದಾಗುತ್ತದೆ. ಮರಳಿಗೆ ನಮಗೆ ಬರವಿರಲಿಲ್ಲ. ಪಲ್ಲೆ ಇಲ್ಲದ ದಿನ ಅವ್ವ ಎರಡು ಎಲೆ ಕೊಯ್ದು, ಹಸಿಮೆಣಸಿನಕಾಯಿ ಉಪ್ಪು ಹಾಕಿ, ತೊಳೆದ ಇಟ್ಟಿಗೆಯ ಮೇಲೆ ಜಜ್ಜಿ ಜೋಳದ ರೊಟ್ಟಿಗೆ ಸವರುತ್ತಿದ್ದಳು. ಪಲ್ಲೆ ಇಲ್ಲದ ದಿನವೇ ಹೆಚ್ಚು. ಇದನ್ನು ನೆಲಕ್ಕೆ ಹಚ್ಚು ಬೇ, ದೊಡ್ಡದಾಗುತ್ತದೆ ಎಂದು ಒಮ್ಮೆ ಹೇಳಿದ್ದೆ.

"ನೆಲಕ್ಕ ಹಚ್ಚಿದ್ದು ನಮ್ಮ ಸಂಗಾಟ ಬರಂಗಿಲ್ಲ," ಅಂದಳು. "ಡಬ್ಯಾಗ ಇದ್ದದ್ದು ಬರ್ತೈತಿ."

ನಾನು ಎಂಟು ಒಂಬತ್ತು ವರ್ಷದವಳಿದ್ದಾಗ ನಾರಾಯಣಗೂಡದಲ್ಲಿ ಒಂದು ದೊಡ್ಡ ಮನೆ ಏಳುತ್ತಿತ್ತು. ಗಾಳಿ ಬಡಿಯದ ಸಣ್ಣ ಕೋಣೆ ನೋಡಿ ಅವ್ವ ಅಲ್ಲಿ ಒಲೆ ಹೂಡಿದಳು. ಗೋಡೆಯಲ್ಲಿ ಒಂದು ಗೂಡಿತ್ತು, ಡಬ್ಬಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ. ಇಟ್ಟಳು. ಒಂದು ದಿನ ಮನೆಯ ಯಜಮಾನಿ ಹೆಣ್ಣುಮಕ್ಕಳನ್ನು ಕರೆದುಕೊಂಡು ನೋಡಲು ಬಂದಳು. ಅದು ದೇವರ ಕೋಣೆ, ದೀಪ ಇಡುವ ಗೂಡು ಅದು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಹೆಣ್ಣುಮಕ್ಕಳೂ ಮುಚ್ಚಿಕೊಂಡರು. ಆ ಗೂಡಿನ ಗಿಲಾವು ಅಷ್ಟನ್ನೂ ಕೆತ್ತಿಸಿ, ಗೋಮೂತ್ರ ಚಿಮುಕಿಸಿ, ಹೊಸದಾಗಿ ಮೆತ್ತಿಸಿದರು. ಮೆತ್ತಿದವನು ನಮ್ಮಪ್ಪ, ಗಾರೆ ಹೊತ್ತವಳು ನಮ್ಮವ್ವ. ಅದು ಮುಗಿಯುವವರೆಗೆ ಡಬ್ಬಿ ಒಳಗಿರಕೂಡದು ಎಂದು ನನ್ನ ಕೈಗೆ ಕೊಟ್ಟು ರಸ್ತೆಗೆ ಕಳಿಸಿದರು. ಡಬ್ಬಿ ಅಪ್ಪಿಕೊಂಡು ನಿಂತೆ. ಶಾಲೆ ಬಿಟ್ಟು ಬರುವ ಹುಡುಗಿಯರು ನನ್ನನ್ನು ನೋಡುತ್ತಾ ಹೋದರು. ಒಬ್ಬಳು ಹತ್ತಿರ ಬಂದು ಮೂಸಿ ಓಡಿದಳು, ಉಳಿದವರು ನಕ್ಕರು. ನೆಲ ನೋಡುತ್ತಾ ನಡೆಯುವುದನ್ನು ನಾನು ಕಲಿತದ್ದು ಅವತ್ತು. ಅವ್ವ ಸಂಜೆ ಬಂದು ಡಬ್ಬಿ ಇಸಿದುಕೊಂಡಳು, ಎಲೆ ಎಲೆ ತಿರುವಿ ನೋಡಿದಳು, ಬಿಸಿಲಿಗೆ ಬಾಡಿಸಿಬಿಟ್ಟಿದ್ದೀಯಲ್ಲ ಎಂದು ನನಗೇ ಬೈದಳು.

ಕುಷಾಯಿಗೂಡಕ್ಕೆ ಬರುವ ಹೊತ್ತಿಗೆ ಅಪ್ಪ ಸತ್ತಿದ್ದ, ನನ್ನ ಮಗಳನ್ನು ಕೊಟ್ಟು ಆಗಿತ್ತು, ಅವ್ವ ನಮ್ಮ ಜೊತೆಗಿದ್ದಳು. ಆಗ ಮಾದಾಪುರದ ಕಡೆ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಬೆನ್ನಿಗೆ ಒಂದು ಏಳುತ್ತಿದ್ದವು. ಭೀಮಶಾ ಅಲ್ಲೇ ಉಳಿದು ಭಾನುವಾರ ಭಾನುವಾರ ಬರುತ್ತಿದ್ದ. ನನಗೆ ಸೊಂಟ ಹಿಡಿದಿತ್ತು, ಬುಟ್ಟಿ ಬಿಟ್ಟು ನಾಲ್ಕು ಮನೆಯ ಪಾತ್ರೆ ತಿಕ್ಕಲು ಹಿಡಿದೆ. ಪದ್ಮಮ್ಮನ ಗಂಡ ಅಲ್ಲಿನ ಕಾರ್ಖಾನೆಯಲ್ಲಿದ್ದು ತೀರಿಕೊಂಡಿದ್ದ. ಅವರ ಹಿತ್ತಲಲ್ಲಿ ಒಂದು ಶೀಟಿನ ಕೋಣೆ, ಅದಕ್ಕೆ ಹಸಿರು ಬಣ್ಣದ ತಗಡಿನ ಬಾಗಿಲು. ಮೊದಲ ವಾರ ನಾನು ಹಗಲಲ್ಲೂ ಸುಮ್ಮನೆ ಚಿಲಕ ಹಾಕಿ ತೆಗೆದು ನೋಡುತ್ತಿದ್ದೆ. ಒಂದು ಮೂಲೆಯಲ್ಲಿ ಒಲೆ, ಒಂದು ಮೂಲೆಯಲ್ಲಿ ಅವ್ವನ ಹಾಸಿಗೆ, ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಿರಲಿಲ್ಲ. ಹಿತ್ತಲಲ್ಲಿ ಒಂದು ನುಗ್ಗೆಮರ, ಬಚ್ಚಲು, ಬಚ್ಚಲ ನೀರು ಹರಿಯುವ ಒಂದಿಷ್ಟು ಒದ್ದೆ ಮಣ್ಣು. ವರ್ಷ ಕಳೆಯಿತು. ಎಷ್ಟನೆಯದೋ ಆ ಡಬ್ಬಿ, ಅದರ ತಳ ತುಕ್ಕು ಹಿಡಿದು ಬಿದ್ದುಹೋಯಿತು. ಹೊಸ ಡಬ್ಬಿ ತಂದುಕೊಡುತ್ತೇನೆ ಅಂದೆ. ಬೇಡ ಅಂದಳು ಅವ್ವ. ಬಚ್ಚಲ ಹಿಂದೆ ಕೂತು, ಹಾರೆಯ ಮೊನೆಯಿಂದ ನೆಲ ಕೆದರಿ, ಮರಿಗಳನ್ನು ಬಿಡಿಸಿ ಬಿಡಿಸಿ ನೆಟ್ಟಳು.

"ಯಾಕ ಬೇ, ನೆಲಕ್ಕ ಹಚ್ಚಂಗಿಲ್ಲ ಅಂತಿದ್ದಿ?"

"ಇನ್ನ ಎಲ್ಲಿಗಿ ಹೋಗೂದೈತಿ? ನಾ ಅಂತೂ ಹೋಗಂಗಿಲ್ಲ."

ಯಾರನ್ನೂ ಕೇಳಲಿಲ್ಲ ಅವಳು. ನನಗೆ ಅಳುಕಿತ್ತು. ಪದ್ಮಮ್ಮ ನೋಡಿದರು, ಏನೂ ಅನ್ನಲಿಲ್ಲ. ಡಬ್ಬಿಯಲ್ಲಿ ಗೇಣುದ್ದ ಇರುತ್ತಿದ್ದ ಎಲೆ ನೆಲ ಸಿಕ್ಕಿದ್ದೇ ಮೊಳಕೈ ಉದ್ದ ಬಂತು. ವಾರಕ್ಕೊಮ್ಮೆ ಕಡಲೆಹಿಟ್ಟು ಹಾಕಿ ಝುಣಕ ಮಾಡುವಷ್ಟು ತಪ್ಪಲು. ಭಾನುವಾರ ಭೀಮಶಾ ಉಂಡು, ಇದೊಂದಕ್ಕೇ ಬರುತ್ತೇನೆ ನೋಡು ಎಂದು ಅವ್ವನನ್ನು ನಗಿಸುತ್ತಿದ್ದ.

ಪದ್ಮಮ್ಮನಿಗೆ ಒಬ್ಬನೇ ಮಗ, ಶ್ರೀನು. ಕಂಪನಿಯ ಹುಡುಗ ಹುಡುಗಿಯರನ್ನು ರಾತ್ರಿ ಪಾಳಿಗೆ ಕರೆದೊಯ್ದು ಬಿಡುವ ಗಾಡಿ ಓಡಿಸುತ್ತಿದ್ದ. ನಿದ್ದೆ ಇರಲಿಲ್ಲ ಅವನಿಗೆ. ಆ ವರ್ಷ ಒಂದು ನಸುಕಿನಲ್ಲಿ ಗಾಡಿ ಮಗುಚಿತು. ಒಳಗೆ ಐದಾರು ಮಂದಿ ಇದ್ದರಂತೆ. ಒಬ್ಬರಿಗೂ ಗಾಯವಾಗಲಿಲ್ಲ. ಪದ್ಮಮ್ಮ ಅಯ್ಯಪ್ಪನಿಗೆ ಹರಕೆ ಹೊತ್ತರು, ಮಗ ಮಾಲೆ ಹಾಕಿದ. ಕಪ್ಪು ಬಟ್ಟೆ, ಬರಿಗಾಲು, ನಸುಕಿನಲ್ಲಿ ತಣ್ಣೀರು. ಮಾಲೆ ಹಾಕಿದವನನ್ನು ಹೆತ್ತ ತಾಯಿಯೂ ಸ್ವಾಮಿ ಅನ್ನಬೇಕು. ಅವನು ಹೆಂಗಸರನ್ನೆಲ್ಲ ಮಾತಾ ಅನ್ನುತ್ತಿದ್ದ, ನನ್ನನ್ನೂ. ಪಾತ್ರೆ ತಿಕ್ಕುವವಳನ್ನು ಹಾಗೆ ಕರೆದವರು ಯಾರಿದ್ದರು? ಮಂಡಲದ ವ್ರತ ಮುಗಿದು ಬೆಟ್ಟಕ್ಕೆ ಹೋಗಿ ಬರುವವರೆಗೆ ಮನೆಯಲ್ಲಿ ಮಾಂಸ ಇಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲ. ಪದ್ಮಮ್ಮ ತೆಲುಗಿನಲ್ಲಿ ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ.

"ಚಂದಮ್ಮಾ, ಗೇಟಿನ ಒಳಗೆ ಎಲ್ಲೂ ಇರಬಾರದು. ನಿಮ್ಮ ಬಚ್ಚಲ ಹಿಂದಿನದನ್ನೂ ತೆಗೆದುಬಿಡು. ನನ್ನ ಮಗನ ಜೀವದ ಮಾತು ಇದು."

ಆಯಿತಮ್ಮಾ ಅಂದೆ. ನಾನು ಮನಸ್ಸಿಟ್ಟೇ ಅಂದೆ. ಮಗ ಮಗುಚಿದ ಗಾಡಿಯಿಂದ ಎದ್ದು ಬಂದವನು, ಅವರ ಹೆದರಿಕೆ ಸುಳ್ಳಲ್ಲ. ಅವ್ವನಿಗೆ ಹೇಳಿದೆ. ಅವಳು ತಂಬಾಕು ತಿಕ್ಕುತ್ತಾ ಕೇಳಿಸಿಕೊಂಡಳು. ಮರುದಿನ ಕಸದ ಗುಂಡಿಯಲ್ಲಿ ಒಂದು ಹೊರೆ ತಪ್ಪಲು ಬಿದ್ದಿತ್ತು. ಬಚ್ಚಲ ಹಿಂದೆ, ಗಿಡ ಇದ್ದಲ್ಲಿ, ನಾನು ಗಾರೆ ಹೊರುತ್ತಿದ್ದ ಕಬ್ಬಿಣದ ಬುಟ್ಟಿ ಬೋರಲು ಬಿದ್ದಿತ್ತು. ಗೌಂಡಿಗಳ ಮನೆಯಲ್ಲಿ ಬುಟ್ಟಿ ಎಲ್ಲಿ ಬೇಕಾದರೂ ಬೋರಲು ಬಿದ್ದಿರುತ್ತದೆ. ನಾನು ಎತ್ತಿ ನೋಡಲಿಲ್ಲ. ತೆಗೆದಾಯಿತು ಎಂದು ಪದ್ಮಮ್ಮನಿಗೆ ಹೇಳಿದೆ. ಅವತ್ತಿನಿಂದ ಅವರು ನನ್ನನ್ನು ಅಡುಗೆಮನೆಯ ಒಳಕ್ಕೆ ಬಿಟ್ಟುಕೊಂಡರು. ಸ್ವಾಮಿಗಳ ಊಟಕ್ಕೆ ಅಕ್ಕಿ ತೊಳೆದೆ, ಹಿಟ್ಟು ರುಬ್ಬಿದೆ, ಕುಡಿಯುವ ನೀರಿನ ಕೊಡ ತುಂಬಿದೆ. ನಾರಾಯಣಗೂಡದ ಆ ಯಜಮಾನಿ ಈಗ ಬಂದು ನೋಡಬೇಕಿತ್ತು ಎಂದು ಮನಸ್ಸಿನಲ್ಲಿ ಅಂದುಕೊಂಡದ್ದೂ ಉಂಟು. ಅವ್ವ ಮಾತ್ರ ಸಪ್ಪೆ ಬೇಳೆ ಕಲೆಸಿಕೊಂಡು ಮುಖ ಮುದುಡುತ್ತಿದ್ದಳು.

"ವ್ರತ ಆ ಹುಡುಗಂದು, ನಾಲಿಗಿ ನಂದು ಯಾಕ ಕಟ್ಟಬೇಕ?"

"ಸುಮ್ಮ ಉಣ್ಣ ಬೇ. ಕೇಳಸ್ತೈತಿ ಅವ್ರಿಗಿ."

ಬೆಟ್ಟಕ್ಕೆ ಹೊರಡುವ ದಿನ ಬಂತು. ಹಿತ್ತಲಿಗೆ ಶಾಮಿಯಾನ ಹಾಕಿದರು. ಸುತ್ತಲಿನ ಬೀದಿಗಳಿಂದ ಕಪ್ಪು ಬಟ್ಟೆಯ ಸ್ವಾಮಿಗಳು ಬಂದರು, ನಾನು ಪಾತ್ರೆ ತಿಕ್ಕುವ ಮನೆಗಳ ಹೆಂಗಸರೂ ಬಂದರು. ತಲೆಯ ಮೇಲೆ ಹೊತ್ತು ಹೋಗುವ ಇರುಮುಡಿ ಗಂಟು ಕಟ್ಟಿಕೊಡಲು, ಎಷ್ಟೋ ಸಲ ಬೆಟ್ಟ ಹತ್ತಿ ಬಂದ ಒಬ್ಬ ಗುರುಸ್ವಾಮಿ ಬಂದಿದ್ದರು. ನನಗೆ ನೀರು ಕೊಡುವ ಕೆಲಸ. ಮಗಳ ಮದುವೆಯಲ್ಲಿ ಉಟ್ಟಿದ್ದ ಸೀರೆ ಉಟ್ಟಿದ್ದೆ, ತಲೆಗೆ ಸ್ನಾನ ಮಾಡಿದ್ದೆ. ಕರ್ಪೂರ ಉರಿಸುವ ಜಾಗಕ್ಕೆ ಮರಳು ಬೇಕಾಯಿತು. ಒಬ್ಬ ಸ್ವಾಮಿ ಮರಳು ತುಂಬಲು ಏನಾದರೂ ಸಿಗುತ್ತದೆಯೇ ಎಂದು ಬಚ್ಚಲ ಹಿಂದೆ ಹೋದ. ಕಬ್ಬಿಣದ ಬುಟ್ಟಿ ಕಂಡಿತು, ಎತ್ತಿದ.

"ಸ್ವಾಮೀ! ಇಲ್ಲಿ ಬನ್ನಿ, ಇಲ್ಲಿ!"

ಎಲ್ಲರಿಗಿಂತ ಮೊದಲು ನಾನು ಓಡಿದೆ, ಹಾವು ಇರಬಹುದು ಎಂದು. ಬುಟ್ಟಿಯ ಕೆಳಗೆ ತಲೆ ಎತ್ತಲು ಜಾಗವಿಲ್ಲದೆ ಆ ಎಲೆಗಳು ಸುತ್ತಿ ಸುತ್ತಿ ಬೆಳೆದಿದ್ದವು, ಒಂದು ಪರಾತದ ತುಂಬ ಶಾವಿಗೆ ಬಸಿದಿಟ್ಟ ಹಾಗೆ. ಬಿಸಿಲು ಕಾಣದೆ ಹಾಲಿನಂತೆ ಬೆಳ್ಳಗಿದ್ದವು. ಅಷ್ಟು ಚಂದದ ತಪ್ಪಲನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಬುಟ್ಟಿಯ ಅಂಚು ತಗುಲಿ ಒಂದೆರಡು ಮುರಿದಿದ್ದವು, ವಾಸನೆ ಕರ್ಪೂರವನ್ನೂ ಊದುಬತ್ತಿಯನ್ನೂ ಮೀರಿ ಎದ್ದಿತು. ಸುತ್ತ ಜನ ಕೂಡಿದರು. ಪದ್ಮಮ್ಮ ಸೆರಗನ್ನು ಮೂಗಿಗೆ ಒತ್ತಿದರು. ಅದೇ ಸೆರಗು, ಅದೇ ಮೂಗು ಅನ್ನಿಸಿತು ನನಗೆ. ನೀರಿನ ತಂಬಿಗೆ ಕೈಯಲ್ಲೇ ಇತ್ತು.

"ತೆಗೆದಾಯಿತು ಅಂದೆಯಲ್ಲ ಚಂದಮ್ಮಾ? ನನ್ನ ಕಣ್ಣಿಗೆ ಕಣ್ಣಿಟ್ಟು ಅಂದೆಯಲ್ಲ?"

ಶ್ರೀನು ಆ ಬಿಳಿ ಎಲೆಗಳನ್ನು ನೋಡಿದ, ನನ್ನನ್ನು ನೋಡಿದ, ಮುಖ ತಿರುಗಿಸಿದ. ಮಾತಾ ಅನ್ನಲಿಲ್ಲ. ಅಷ್ಟರಲ್ಲಿ ಅವ್ವ ನುಗ್ಗೆಮರದ ಬುಡದಿಂದ ಎದ್ದು, ಜನರನ್ನು ಮೊಳಕೈಯಿಂದ ಸರಿಸುತ್ತಾ ಬಂದಳು.

"ಆಕಿನ್ನ ಏನ್ ಕೇಳ್ತಿ ಪದ್ಮಮ್ಮ? ಆಕಿಗಿ ಗೊತ್ತಿಲ್ಲ. ಎಲಿ ಕೊಯ್ದು ಒಗದೀನಿ, ಬುಡ ಮುಚ್ಚಿ ಇಟ್ಟೀನಿ. ನಾ ಮುಚ್ಚಿದ್ದು ನಿಮ್ಮ ದೇವರಿಗಿ ಕಾಣಬಾರದಂತ ಮುಚ್ಚೀನಿ."

"ದೇವರಿಗೆ ಕಾಣದ್ದು ಇದೆಯೇ ಮುದುಕೀ?" ಅಂದರು ಗುರುಸ್ವಾಮಿ.

"ಕಂಡಿದ್ರ ಇಷ್ಟು ದಿನ ಯಾಕ ಸುಮ್ಮಿದ್ದ? ನಿಮಗ ಒಬ್ಬರಿಗ್ಯಾರ ನಾತ ಬಂತೇನ್ರಿ? ಬುಟ್ಟಿ ಎತ್ತಿದಾವ ಅವ. ಹೋಗಿ ಅವನ್ನ ಬೈರಿ."

ಬುಟ್ಟಿ ಎತ್ತಿದವನು ಬುಟ್ಟಿಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದ. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು ನನಗೆ. ತಂಬಾಕಿನ ಹಲ್ಲು, ಮೊಳಕಾಲ ಮೇಲೆ ಕಟ್ಟಿದ ಸೀರೆ, ಕುಪ್ಪಸದ ಗುಂಡಿ ಬಿಚ್ಚಿತ್ತು. ನಮ್ಮವ್ವ ಅಲ್ಲ ಇವಳು ಎಂದು ಹೇಳುವ ಹಾಗಿದ್ದರೆ ಹೇಳಿಬಿಡುತ್ತಿದ್ದೆನೇನೋ. ಗುರುಸ್ವಾಮಿ ಹೊತ್ತು ನೋಡಿದರು. ಯಾರೂ ತಿಂದಿಲ್ಲ, ಅಡುಗೆಗೆ ಬಿದ್ದಿಲ್ಲ, ವ್ರತ ಕೆಟ್ಟಿಲ್ಲ, ಕಿತ್ತು ಆಚೆ ಹಾಕಿ ಅರಿಶಿನದ ನೀರು ಹೊಯ್ಯಿರಿ, ಬಸ್ಸಿಗೆ ಹೊತ್ತಾಗುತ್ತದೆ ಅಂದರು. ಯಾರು ಕೀಳಬೇಕು? ಸ್ವಾಮಿಗಳು ಮುಟ್ಟುವಂತಿಲ್ಲ. ಹೆಂಗಸರೆಲ್ಲ ಮಡಿಯಲ್ಲಿದ್ದರು. ಪದ್ಮಮ್ಮ ನನ್ನ ಕೈಯಿಂದ ತಂಬಿಗೆ ಇಸಿದುಕೊಂಡರು.

"ಚಂದಮ್ಮನೇ ಕೀಳಲಿ. ಕಿತ್ತರೆ ಇರಲಿ. ಇಲ್ಲದಿದ್ದರೆ ಇವತ್ತೇ, ಈಗಲೇ, ಪಾತ್ರೆ ಎತ್ತಿಕೊಂಡು ಹೊರಡಲಿ."

ಆ ಹಸಿರು ಬಾಗಿಲು ಅಲ್ಲಿಂದ ಕಾಣುತ್ತಿತ್ತು. ಗಿಡದ ಆಚೆ ಬದಿಗೆ ಅವ್ವ ನಿಂತಿದ್ದಳು, ನನ್ನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದಳು. ಮಗಳ ಮದುವೆಯ ಸೀರೆಯಲ್ಲೇ ಬಚ್ಚಲ ಕೆಸರಿನಲ್ಲಿ ಕೂತೆ. ಬುಡಕ್ಕೆ ಬೆರಳು ತೂರಿಸಿ ಮಣ್ಣು ಸಡಿಲ ಮಾಡಿದರೆ ಬೇರು ಬರುತ್ತದೆ, ಎಲೆ ಹಿಡಿದು ಜಗ್ಗಿದರೆ ಕತ್ತಿನಲ್ಲಿ ಮುರಿದು ಬೇರು ಒಳಗೇ ಉಳಿಯುತ್ತದೆ. ಮಾತು ಬರುವುದಕ್ಕೂ ಮುಂಚೆ ನನ್ನ ಕೈಗೆ ಇದು ಗೊತ್ತಿತ್ತು. ನಾನು ಎಲೆ ಹಿಡಿದೆ, ಜಗ್ಗಿದೆ. ಪಳಕ್ಕೆಂದು ಬಂತು. ಒಂದು ಹಿಡಿ, ಇನ್ನೊಂದು ಹಿಡಿ. ಮೂರನೆಯದಕ್ಕೆ ಕೈ ಹಾಕುವಾಗ ಅವ್ವ ಎದೆಗೆ ಬಡಿದುಕೊಂಡು ಶುರು ಮಾಡಿದಳು. ನಮ್ಮ ಕಡೆ ಹೆಣದ ಮುಂದೆ ಹಾಡಿ ಹಾಡಿ ಅಳುತ್ತಾರಲ್ಲ, ಹಾಗೆ.

"ಅಯ್ಯೋ ನನ್ನ ಬಂಗಾರಾ... ಊರೂರು ಹೊತ್ತು ತಿರಗೀನಲ್ಲೋ ನನ್ನ ಬಂಗಾರಾ... ಬೇರು ಸುದ್ದಾ ಬಿಡಲಿಲ್ಲಲ್ಲೋ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ..."

ಅಪ್ಪ ಸತ್ತಾಗ ಅವ್ವ ಹೀಗೆ ಅತ್ತಿರಲಿಲ್ಲ. ಹಬ್ಬದ ಮನೆಯಲ್ಲಿ ಸಾವಿನ ಹಾಡು. ಸ್ವಾಮಿಗಳು ಕಿವಿ ಮುಚ್ಚಿಕೊಂಡು ಶರಣಂ ಕೂಗುತ್ತಾ ಶಾಮಿಯಾನದ ಕಡೆ ಸರಿದರು, ಹೆಂಗಸರು ಅಪಶಕುನ ಎಂದು ಒಳಗೆ ಓಡಿದರು. ನೆಲದಲ್ಲಿ ಏನು ಉಳಿಯಿತು ಎಂದು ಬಗ್ಗಿ ನೋಡಲು ಯಾರೂ ನಿಲ್ಲಲಿಲ್ಲ. ನಾನು ತಪ್ಪಲನ್ನು ಎದೆಗೆ ಅವುಚಿಕೊಂಡು ಶಾಮಿಯಾನದ ನಡುವೆಯೇ ಹೋಗಬೇಕಾಯಿತು, ಗೇಟಿಗೆ ಬೇರೆ ದಾರಿ ಇರಲಿಲ್ಲ. ನನ್ನ ಮುಂದೆ ಜನ ಎರಡು ಪಾಲಾಗಿ ದಾರಿ ಬಿಟ್ಟರು. ನಾನು ಪಾತ್ರೆ ತಿಕ್ಕುವ ಮನೆಯವರು ಸೀರೆ ಎಳೆದುಕೊಂಡರು. ಗೇಟಿನ ಆಚೆ ಚರಂಡಿಗೆ ಅದನ್ನು ಹಾಕಿದೆ. ಬೆಳ್ಳಗೆ ತೇಲಿಕೊಂಡು ಹೋಯಿತು. ಆಮೇಲೆ ನೀರಿನ ಕೊಡದ ಹತ್ತಿರ ಬೇರೆ ಯಾರೋ ನಿಂತಿದ್ದರು. ನನಗೂ ಅವ್ವನಿಗೂ ಗೇಟಿನ ಹೊರಗೆ ಎಲೆ ಹಾಕಿದರು, ಬಡಿಸಿದವಳು ಕೈಯನ್ನು ಎತ್ತರದಲ್ಲೇ ಹಿಡಿದು ಅನ್ನ ಬೀಳಿಸಿದಳು. ಅವ್ವ ಎರಡನೆಯ ಸಲ ಪಾಯಸ ಕೇಳಿದಳು. ಶ್ರೀನು ಗಂಟು ತಲೆಯ ಮೇಲೆ ಹೊತ್ತು, ಹೊಸ್ತಿಲಲ್ಲಿ ತೆಂಗಿನಕಾಯಿ ಒಡೆದು, ಹಿಂದೆ ನೋಡದೆ ಹೊರಟ. ಹಿಂದೆ ನೋಡಬಾರದು, ಅದು ಪದ್ಧತಿ. ನಾನು ನುಗ್ಗೆಮರದ ಮರೆಯಲ್ಲಿ ನಿಂತು ಕೈ ಮುಗಿದೆ.

ಸಂಜೆ ಕೋಣೆಯಲ್ಲಿ ಕೂತು ಸೋಪು ಹಚ್ಚಿ, ಬೂದಿ ಹಚ್ಚಿ, ಹುಣಸೆಹಣ್ಣು ಹಚ್ಚಿ ಕೈ ತೊಳೆದೆ. ವಾಸನೆ ಹೋಗಲಿಲ್ಲ. ಅವ್ವ ಗೋಡೆಗೆ ಒರಗಿ ತಂಬಾಕು ತಿಕ್ಕುತ್ತಿದ್ದಳು.

"ಎಲಿ ಹಿಡದಿ. ಬುಡ ಹಿಡೀಲಿಲ್ಲ."

ನಾನು ಇನ್ನೊಂದು ಸಲ ಬೂದಿ ಹಚ್ಚಿ ಕೈ ತಿಕ್ಕಿದೆ.

"ನೋಡೀನಿ ನಾ. ಅದಕ್ಕ ಅತ್ತೆ. ಇಲ್ಲಂದ್ರ ಆ ಪದ್ಮಮ್ಮ ಬಗ್ಗಿ ನೋಡ್ತಿದ್ದಳು."

"ನಾಚಿಕಿ ಬರಂಗಿಲ್ಲೇನ್ ಬೇ ನಿನಗ? ಅಷ್ಟು ಮಂದಿ ಮುಂದ? ನಾಳಿ ಯಾವ ಮುಖ ಇಟಗೊಂಡು ನಾ ಅವರ ಮನಿಗಿ ಹೋಗ್ಲಿ?"

"ಬಾಗಲಾ ಇಲ್ಲದ ಮನ್ಯಾಗ ಹಡದೀನಿ ನಿನ್ನ. ಸೆಂಟ್ರಿಂಗ್ ಮಂದಿ ಮ್ಯಾಲ ಸ್ಲ್ಯಾಬಿಗಿ ಹಲಗಿ ಬಡ್ಯಾಕತ್ತಿದ್ರು. ಅವತ್ತ ನಾಚಿಕೊಂಡಿದ್ರ ನೀ ಎಲ್ಲಿ ಇರ್ತಿದ್ದಿ?"

ಹೀಗೆ ಹೇಳಿ ಅವಳು ಮಲಗಿದಳು, ಗೊರಕೆಯೂ ಬಂತು. ನನಗೆ ಬರಲಿಲ್ಲ ನಿದ್ದೆ. ನಾಚಿದ್ದು ಅವ್ವನ ಸಲುವಾಗಿಯೋ, ಪದ್ಮಮ್ಮನ ಮುಂದೆಯೋ, ಆ ಹುಡುಗ ಮುಖ ತಿರುಗಿಸಿದ್ದಕ್ಕೋ, ಇವತ್ತಿಗೂ ಬಿಡಿಸಿ ಹೇಳಲಾರೆ. ಅವ್ವ ಹೋಗಿ ಬಹಳ ವರ್ಷವಾಯಿತು. ಈಗಲೂ ಯಾರ ಮನೆಯ ಹೊಸ್ತಿಲು ದಾಟುವ ಮುಂಚೆ ನಾನು ಬೇಡ ಬೇಡವೆಂದರೂ ಬೆರಳು ಮೂಸಿ ನೋಡಿಕೊಳ್ಳುತ್ತೇನೆ.

ಬೆಳಗಾಯಿತು. ಸ್ವಾಮಿಗಳು ಬೆಟ್ಟದಿಂದ ಬರುವವರೆಗೆ ಆ ಮನೆಯ ನೇಮ ಇನ್ನೂ ಇತ್ತು. ಪದ್ಮಮ್ಮ ಏಳುವ ಮುಂಚೆ ಚಿಲಕ ತೆಗೆದು ಬಚ್ಚಲ ಹಿಂದೆ ಹೋದೆ. ಅರಿಶಿನದ ನೀರು ಇಂಗಿ ನೆಲ ಹಳದಿಯಾಗಿತ್ತು, ನಡುವೆ ಮುರಿದ ಕತ್ತುಗಳು ಬೆಳ್ಳಗೆ ಕಾಣುತ್ತಿದ್ದವು. ಒಲೆಯಿಂದ ಒಂದು ಹಿಡಿ ಬೂದಿ ತಂದು ಉದುರಿಸಿದೆ. ಶಾಮಿಯಾನದ ಮೂಲೆಯಲ್ಲಿ ಬಿದ್ದಿದ್ದ ಕಬ್ಬಿಣದ ಬುಟ್ಟಿಯನ್ನು ತಂದು ಅದೇ ಜಾಗದಲ್ಲಿ ಬೋರಲು ಹಾಕಿದೆ. ಈ ಸಲ ಮೇಲೊಂದು ಕಲ್ಲು ಹೇರಿದೆ. ಆಮೇಲೆ ಕೈ ತೊಳೆದುಕೊಂಡು ಪದ್ಮಮ್ಮನ ಮನೆಯ ಪಾತ್ರೆ ತಿಕ್ಕಲು ಹೋದೆ.